ಸೋತಾಗಲೂ ನಮ್ಮವರೇ

ಮಳೆಗಾಲ ಹಿಂದೆ ಸರಿದು ಬಯಲುಗದ್ದೆಗಳ ಕೊಯಿಲು ಮುಗಿಯಿತೆಂದರೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಸೀಮೆಯಲ್ಲಿ ಆಟೋಟಗಳ ಕಾಲ ಆರಂಭವಾಯಿತೆಂದೇ ಅರ್ಥ. ನಿನ್ನೆಯವರೆಗೆ ತೆನೆ ತೂಗುತ್ತಿದ್ದ ನೆಲ ಇಂದು ಕಬಡ್ಡಿಯ ಅಂಗಣವಾಗುತ್ತದೆ. ಪಕ್ಕದ ಗದ್ದೆಯಲ್ಲಿ ವಾಲಿಬಾಲಿನ ಬಲೆ ಏಳುತ್ತದೆ. ಶಾಲೆಯ ಮೈದಾನದಲ್ಲಿ ಟೆನಿಸ್ ಚೆಂಡಿನ ಕ್ರಿಕೆಟ್ ನಡೆಯುತ್ತದೆ. ವಂಡಾರು, ತಗ್ಗರ್ಸೆ ಮೊದಲಾದ ಊರುಗಳಲ್ಲಿ ಕಂಬಳದ ಗದ್ದೆಗೆ ಕೋಣಗಳು ಇಳಿಯುತ್ತವೆ. ಹೊತ್ತು ಮುಳುಗಿದೊಡನೆ ಕಂಬಗಳಿಗೆ ದೀಪ ಕಟ್ಟಿ ಹೊನಲು ಬೆಳಕಿನ ಪಂದ್ಯಾಟಗಳನ್ನು ನಡೆಸುವುದು ಈ ಭಾಗದಲ್ಲಿ ಬಹುಕಾಲದಿಂದ ಬಂದ ರೂಢಿ. ಧ್ವನಿವರ್ಧಕದಲ್ಲಿ ವಿವರಣೆ ಕೇಳುತ್ತಿರುತ್ತದೆ. ಚಿಕ್ಕ ಮಕ್ಕಳಿಂದ ಹಿಡಿದು ಹಲ್ಲಿಲ್ಲದ ಮುದುಕರವರೆಗೆ ಊರಿಗೆ ಊರೇ ಗೆರೆಯ ಸುತ್ತ ನೆರೆದಿರುತ್ತದೆ.

ಹೀಗೆ ನಡೆಯುವ ಆಟದಲ್ಲಿ ಮೂರು ಪಂಗಡದವರಿರುತ್ತಾರೆ. ಆಡುವವರು ಮೊದಲನೆಯವರು, ತೀರ್ಪು ಕೊಡುವವರು ಎರಡನೆಯವರು, ನೋಡುವವರು ಮೂರನೆಯವರು. ಆಡುವವರಿಗೆ ನಿಯಮಗಳ ಪುಸ್ತಕವುಂಟು. ತೀರ್ಪುಗಾರರಿಗೂ ಅಂಥದೇ ಕಟ್ಟಳೆಗಳುಂಟು. ನೋಡುವವರು ಹೇಗೆ ನಡೆದುಕೊಳ್ಳಬೇಕೆಂಬುದನ್ನು ಮಾತ್ರ ಅಷ್ಟು ವಿವರವಾಗಿ ಯಾರೂ ಬರೆದಿಟ್ಟಂತಿಲ್ಲ. ಗೆದ್ದ ದಿನ ಈ ಕೊರತೆ ಯಾರ ಗಮನಕ್ಕೂ ಬಾರದು. ತಮ್ಮ ತಂಡ ಸೋತ ದಿನ ಅದು ಎದ್ದು ಕಾಣುತ್ತದೆ. ಆದುದರಿಂದ ಸೋಲಿನ ಹೊತ್ತಿನಲ್ಲಿ ಅಭಿಮಾನಿಯ ನಡತೆ ಹೇಗಿರಬೇಕೆಂಬುದು ವಿಚಾರಯೋಗ್ಯವಾದ ವಿಷಯ.

ಮೊದಲು ಒಂದು ಸರಳವಾದ ಲೆಕ್ಕವನ್ನು ನೋಡಬಹುದು. ಹದಿನಾರು ತಂಡಗಳು ಸೇರಿದ ಒಂದು ಪಂದ್ಯಾಟವುಂಟೆಂದು ಭಾವಿಸೋಣ. ಸೋತವರು ಹೊರಗೆ, ಗೆದ್ದವರು ಮುಂದಕ್ಕೆ ಎಂಬುದು ಅದರ ನಿಯಮ. ಕೊನೆಗೆ ಫಲಕವನ್ನು ಎತ್ತಿಕೊಳ್ಳುವುದು ಒಂದೇ ತಂಡ. ಉಳಿದ ಹದಿನೈದು ತಂಡಗಳೂ ಒಂದಲ್ಲ ಒಂದು ಹಂತದಲ್ಲಿ ಸೋತು ಮನೆಗೆ ಹೋಗಲೇಬೇಕು. ಅಂದರೆ ಆ ರಾತ್ರಿ ನೆರೆದ ಅಭಿಮಾನಿಗಳಲ್ಲಿ ಬಹುಪಾಲು ಜನರಿಗೆ ಸೋಲೇ ಗತಿ. ಹಳ್ಳಿಯ ಗದ್ದೆಗೂ ವಿಶ್ವಕಪ್ಪಿಗೂ ಈ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ಒಂದು ತಂಡವನ್ನು ಮೆಚ್ಚಿ ಅದರ ಬೆಂಬಲಕ್ಕೆ ನಿಂತವನು ಗೆಲುವಿಗಿಂತ ಹೆಚ್ಚು ಬಾರಿ ಸೋಲನ್ನೇ ಕಾಣಬೇಕಾಗುತ್ತದೆ. ಆಟ ನೋಡಲು ಹೊರಡುವ ಪ್ರತಿಯೊಬ್ಬನೂ ಇದನ್ನು ತಿಳಿದೇ ಹೊರಡಬೇಕು.

ಹಾಗಾದರೆ ತಾನು ಆಡದ ಆಟದಲ್ಲಿ ಬಂದ ಸೋಲು ನೋಡುವವನನ್ನು ಅಷ್ಟು ನೋಯಿಸುವುದೇಕೆ? ಅಭಿಮಾನ ಎಂಬ ಮಾತಿನಲ್ಲಿಯೇ ಇದಕ್ಕೆ ಉತ್ತರವಿದೆ. ಒಂದನ್ನು ತನ್ನದೆಂದು ಬಗೆಯುವುದೇ ಅಭಿಮಾನ. ತಂಡದ ಹೆಸರಿನಲ್ಲಿ ತನ್ನ ಊರಿನ ಹೆಸರಿದೆ. ಆಡುವ ಹುಡುಗರಲ್ಲಿ ತನ್ನ ಅಣ್ಣನೋ ನೆರೆಮನೆಯವನೋ ಇದ್ದಾನೆ. ಅವರ ಗೆಲುವು ತನ್ನ ಗೆಲುವಾದಂತೆ ಅವರ ಸೋಲೂ ತನ್ನ ಸೋಲಾಗುತ್ತದೆ. ಈ ನೋವು ಸಹಜವಾದುದು. ಅದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ. ನೋವೇ ಆಗದವನಿಗೆ ಅಭಿಮಾನವೂ ಇರಲಿಲ್ಲವೆಂದೇ ಹೇಳಬೇಕು.

ಆದರೆ ಈ ನೋವು ಬಂದೊಡನೆ ಮನಸ್ಸು ಅದನ್ನು ತಪ್ಪಿಸಿಕೊಳ್ಳುವ ಅಡ್ಡದಾರಿಗಳನ್ನು ಹುಡುಕತೊಡಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಅವರ ಸಂಗಡಿಗರು 1976ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಈ ಬಗ್ಗೆ ಸ್ವಾರಸ್ಯವಾದ ಸಂಗತಿಯೊಂದನ್ನು ತಿಳಿಸುತ್ತದೆ. ವಿಶ್ವವಿದ್ಯಾಲಯದ ತಂಡ ಗೆದ್ದ ವಾರ ಅಲ್ಲಿನ ವಿದ್ಯಾರ್ಥಿಗಳು ಆ ವಿಶ್ವವಿದ್ಯಾಲಯದ ಹೆಸರಿರುವ ಉಡುಪನ್ನು ಹೆಚ್ಚಾಗಿ ತೊಟ್ಟು ಬರುತ್ತಿದ್ದರು. ಆಟದ ಬಗ್ಗೆ ಕೇಳಿದಾಗ, ಗೆದ್ದ ಪಂದ್ಯವನ್ನು ಹೇಳುವಾಗ ‘ನಾವು’ ಎಂಬ ಮಾತು ಹೆಚ್ಚಾಗಿ ಬರುತ್ತಿತ್ತು. ಸೋತ ಪಂದ್ಯವನ್ನು ಹೇಳುವಾಗ ಆ ಮಾತು ಕಡಿಮೆಯಾಗುತ್ತಿತ್ತು. ನಮ್ಮ ಹಿರಿಯರಿಗೆ ಇದು ಹೊಸ ವಿಷಯವೇನೂ ಆಗಿರಲಿಲ್ಲ. ಗೆದ್ದೆತ್ತಿನ ಬಾಲ ಹಿಡಿಯುವವರನ್ನು ಅವರು ಚೆನ್ನಾಗಿ ಬಲ್ಲರು. ಕಿವಿಗೊಟ್ಟು ಕೇಳಿದರೆ ಯಾವ ಪಂದ್ಯಾಟದಲ್ಲಿಯೂ ಈ ವ್ಯತ್ಯಾಸ ತಿಳಿಯುತ್ತದೆ. ಫಲಕ ಬಂದ ದಿನ ‘ನಾವು ಗೆದ್ದೆವು’ ಎಂದು ಕುಣಿದವನೇ ಮರುವಾರ ‘ಅವರು ಸೋತರು’ ಎನ್ನುತ್ತಾನೆ. ‘ನಾವು’ ಎಂಬುದು ‘ಅವರು’ ಎಂದು ಬದಲಾದ ಆ ಗಳಿಗೆಯಲ್ಲಿಯೇ ಅಭಿಮಾನ ಕೈಬಿಟ್ಟುಹೋಗಿರುತ್ತದೆ. ಮುಂದಿನ ಎಲ್ಲ ಅನರ್ಥಗಳಿಗೂ ಇದೇ ಬೀಜ. ಆಡಿದವರು ತನ್ನವರಲ್ಲವೆಂದಾದ ಮೇಲೆ ಅವರನ್ನು ಬಯ್ಯಲು ನಾಲಿಗೆಗೆ ಅಡ್ಡಿಯಿರುವುದಿಲ್ಲ.

ಅಡ್ಡದಾರಿಗಳಲ್ಲಿ ಮೊದಲನೆಯದು ತೀರ್ಪುಗಾರನ ಮೇಲೆ ತಪ್ಪು ಹೊರಿಸುವುದು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಗೆರೆಯ ಹೊರಗೆ ನೂರು ಅಡಿ ದೂರದಲ್ಲಿ ನಿಂತವನಿಗೆ ಕಬಡ್ಡಿ ಆಟಗಾರನ ಬೆರಳು ಎದುರಾಳಿಗೆ ತಗಲಿತೋ ಇಲ್ಲವೋ ಎಂಬುದು ಕಾಣುವುದು ಹೇಗೆ? ಕಂಡಂತೆ ತೋರುವುದು ಅವನ ಆಸೆಯೇ ಹೊರತು ನಿಜವಾದ ಸ್ಪರ್ಶವಲ್ಲ. ತೀರ್ಪುಗಾರರು ತಪ್ಪುವುದೇ ಇಲ್ಲವೆಂದು ಯಾರೂ ಹೇಳರು. ಅವರೂ ಮನುಷ್ಯರು. ಕ್ರಿಕೆಟ್ಟಿನಲ್ಲಿ 1992ರಿಂದ ದೂರದರ್ಶನದ ಚಿತ್ರ ನೋಡಿ ತೀರ್ಪು ಕೊಡುವ ಮೂರನೆಯ ಅಂಪೈರ್ ಬಂದುದೂ, ಮುಂದೆ ತೀರ್ಪಿನ ಮರುಪರಿಶೀಲನೆಯನ್ನು ಕೇಳುವ ಕ್ರಮ ಬಂದುದೂ ಈ ಕಾರಣಕ್ಕಾಗಿಯೇ. ಆದರೆ ಹಾಗೆ ಕೇಳುವ ಅಧಿಕಾರ ಆಡುವವರದು. ನೋಡುವವರಿಗೆ ಅದಿಲ್ಲ. ಊರಿನ ಪಂದ್ಯಾಟದಲ್ಲಿಯೂ ತೀರ್ಪಿನ ಬಗ್ಗೆ ಸಂದೇಹವಿದ್ದರೆ ನಾಯಕನು ಸಂಘಟಕರಲ್ಲಿ ಕೇಳಬಹುದು. ಗುಂಪು ಅಂಗಣಕ್ಕೆ ನುಗ್ಗಿದರೆ ಸರಿಯಾದ ತೀರ್ಪು ದೊರಕುವುದಿಲ್ಲ. ಇರುವ ಆಟವೂ ನಿಂತುಹೋಗುತ್ತದೆ.

ಎರಡನೆಯ ಅಡ್ಡದಾರಿ ಇದಕ್ಕಿಂತ ಕ್ರೂರವಾದುದು. ಅದು ತನ್ನದೇ ತಂಡದ ಒಬ್ಬನನ್ನು ಹಿಡಿದು ಇಡೀ ಸೋಲಿನ ಹೊರೆಯನ್ನು ಅವನ ತಲೆಯ ಮೇಲೆ ಇಡುವುದು. 1950ರ ಜುಲೈ 16ರಂದು ಬ್ರೆಜಿಲ್ ದೇಶದ ರಿಯೋ ಡಿ ಜನೈರೋ ನಗರದಲ್ಲಿ ವಿಶ್ವಕಪ್ ಕಾಲ್ಚೆಂಡಿನ ನಿರ್ಣಾಯಕ ಪಂದ್ಯ ನಡೆಯಿತು. ಬ್ರೆಜಿಲ್ಲಿಗೆ ಸಮಬಲ ಸಾಧಿಸಿದ್ದರೂ ಸಾಕಿತ್ತು. ಆದರೆ ಉರುಗ್ವೆ 2–1 ಗೋಲುಗಳಿಂದ ಗೆದ್ದಿತು. ಆ ದಿನ ಬ್ರೆಜಿಲ್ಲಿನ ಗೋಲುರಕ್ಷಕನಾಗಿದ್ದವನು ಬಾರ್ಬೋಸ. ಹನ್ನೊಂದು ಮಂದಿ ಆಡಿದ ಆಟದ ಸೋಲಿಗೆ ಅವನೊಬ್ಬನೇ ಹೊಣೆಯೆಂದು ಜನ ದೂರಿದರು. ಆ ದೂರು ಒಂದು ದಿನಕ್ಕೆ, ಒಂದು ವರ್ಷಕ್ಕೆ ಮುಗಿಯಲಿಲ್ಲ. 2000ದಲ್ಲಿ ತೀರಿಕೊಳ್ಳುವವರೆಗೆ, ಐವತ್ತು ವರ್ಷಗಳ ಕಾಲ, ಆತ ಅದನ್ನು ಹೊತ್ತು ಬಾಳಬೇಕಾಯಿತು. ಕೊಲಂಬಿಯಾ ದೇಶದ ಆಂದ್ರೆಸ್ ಎಸ್ಕೋಬಾರ್‌ಗೆ ಬಾಳುವ ಅವಕಾಶವೂ ಉಳಿಯಲಿಲ್ಲ. 1994ರ ವಿಶ್ವಕಪ್ಪಿನಲ್ಲಿ ಎದುರಾಳಿಯ ಚೆಂಡನ್ನು ತಡೆಯಲು ಹೋದಾಗ ಅವನ ಕಾಲಿಗೆ ತಗಲಿದ ಚೆಂಡು ತನ್ನ ತಂಡದ ಗೋಲಿನೊಳಕ್ಕೇ ಹೋಯಿತು. ಕೊಲಂಬಿಯಾ ಅಮೆರಿಕದೆದುರು ಸೋತಿತು. ತಾಯ್ನಾಡಿಗೆ ಮರಳಿದ ಆತನನ್ನು ಜುಲೈ 2ರಂದು, ಆ ಗೋಲಿನ ಬಗೆಗೆ ಎದ್ದ ಮಾತಿನ ಜಗಳದ ಬಳಿಕ, ಗುಂಡಿಕ್ಕಿ ಕೊಲ್ಲಲಾಯಿತು. ಆಗ ಅವನಿಗೆ ಇಪ್ಪತ್ತೇಳು ವರ್ಷ ವಯಸ್ಸು.

ಇಂಥ ಸಂಗತಿಗಳು ದೂರದೇಶದವು ಎಂದು ಸಮಾಧಾನಪಡುವಂತಿಲ್ಲ. ಇಂದು ಬಯ್ಗಳನ್ನು ಎಸೆಯಲು ಬೀದಿಗೆ ಇಳಿಯಬೇಕಾಗಿಲ್ಲ. ಅಂಗೈಯಲ್ಲಿರುವ ಮೊಬೈಲ್ ಸಾಕು. 2021ರ ಅಕ್ಟೋಬರ್ 24ರಂದು ದುಬೈಯಲ್ಲಿ ಭಾರತ ತಂಡ ಪಾಕಿಸ್ತಾನದೆದುರು ಹತ್ತು ವಿಕೆಟ್‌ಗಳಿಂದ ಸೋತಿತು. ಆ ರಾತ್ರಿಯೇ ಬೌಲರ್ ಮೊಹಮ್ಮದ್ ಶಮಿಯವರ ಮೇಲೆ ಸಾಮಾಜಿಕ ಜಾಲತಾಣಗಳಲ್ಲಿ ನಿಂದೆಯ ಮಳೆ ಸುರಿಯಿತು. ಸೋತದ್ದು ಹನ್ನೊಂದು ಮಂದಿ, ಬಯ್ಗಳು ಒಬ್ಬರಿಗೆ. 2023ರ ಮೇ 21ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ರಾಯಲ್ ಚಾಲೆಂಜರ್ಸ್ ತಂಡ ಗುಜರಾತ್ ಟೈಟನ್ಸ್ ತಂಡದೆದುರು ಸೋತು ಪಂದ್ಯಾವಳಿಯಿಂದ ಹೊರಬಿದ್ದಿತು. ವಿರಾಟ್ ಕೊಹ್ಲಿ ಶತಕ ಹೊಡೆದರು. ಎದುರಾಳಿ ಶುಭಮನ್ ಗಿಲ್ ಕೂಡ ಶತಕ ಹೊಡೆದು ತಮ್ಮ ತಂಡವನ್ನು ಗೆಲ್ಲಿಸಿದರು. ಒಂದೇ ರಾತ್ರಿ ಎರಡು ಸೊಗಸಾದ ಶತಕಗಳನ್ನು ಕಂಡ ಭಾಗ್ಯಕ್ಕೆ ಹಿಗ್ಗುವುದರ ಬದಲು, ಅಭಿಮಾನಿಗಳೆಂದು ಹೇಳಿಕೊಂಡ ಕೆಲವರು ಗಿಲ್ ಅವರನ್ನೂ, ಆಟಕ್ಕೆ ಯಾವ ರೀತಿಯಿಂದಲೂ ಸಂಬಂಧವಿಲ್ಲದ ಅವರ ಸೋದರಿಯನ್ನೂ ಹೀನಾಯವಾಗಿ ನಿಂದಿಸಿದರು. ಮುಖ ಕಾಣದ ಕಡೆಯಿಂದ ಎಸೆದ ಕಲ್ಲೂ ಕಲ್ಲೇ. ಎದುರಿಗೆ ನಿಂತು ಆಡಲಾಗದ ಮಾತನ್ನು ಮೊಬೈಲಿನಲ್ಲಿಯೂ ಬರೆಯಬಾರದೆಂಬುದು ಎಳೆಯರು ಮೊದಲಿಗೇ ಕಲಿಯಬೇಕಾದ ಪಾಠ.

ನಾಲಿಗೆಯಿಂದ ಆರಂಭವಾದದ್ದು ಕೈಗೆ ಇಳಿಯಲು ಹೆಚ್ಚು ಹೊತ್ತು ಬೇಡ. 1996ರ ಮಾರ್ಚ್ 13ರಂದು ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ ಭಾರತ ಮತ್ತು ಶ್ರೀಲಂಕಾ ತಂಡಗಳ ನಡುವೆ ವಿಶ್ವಕಪ್ ಕ್ರಿಕೆಟ್ಟಿನ ಉಪಾಂತ್ಯ ಪಂದ್ಯ ನಡೆಯಿತು. ಗೆಲುವಿಗೆ 252 ಓಟಗಳು ಬೇಕಿದ್ದವು. ಒಂದು ವಿಕೆಟ್ಟಿಗೆ 98 ಓಟಗಳನ್ನು ಗಳಿಸಿ ನೆಮ್ಮದಿಯಾಗಿದ್ದ ಭಾರತ ನೋಡುನೋಡುತ್ತಿದ್ದಂತೆ ಎಂಟು ವಿಕೆಟ್ಟಿಗೆ 120 ಎಂಬ ಸ್ಥಿತಿಗೆ ಕುಸಿಯಿತು. ಪ್ರೇಕ್ಷಕರು ಮೈದಾನಕ್ಕೆ ಬಾಟಲಿಗಳನ್ನು ಎಸೆದರು. ಆಸನಗಳಿಗೆ ಬೆಂಕಿ ಹಚ್ಚಿದರು. ಪಂದ್ಯದ ಮೇಲ್ವಿಚಾರಕರಾಗಿದ್ದ ಕ್ಲೈವ್ ಲಾಯ್ಡ್ ಆಟವನ್ನು ನಿಲ್ಲಿಸಿ ಶ್ರೀಲಂಕಾ ಗೆದ್ದಿತೆಂದು ಘೋಷಿಸಿದರು. ಔಟಾಗದೆ ಉಳಿದಿದ್ದ ವಿನೋದ್ ಕಾಂಬ್ಳಿ ಅಳುತ್ತ ಮೈದಾನದಿಂದ ಹೊರನಡೆದರು. ಆಟ ಪೂರ್ತಿ ನಡೆದಿದ್ದರೂ ಭಾರತ ಬಹುಶಃ ಸೋಲುತ್ತಿತ್ತು. ಆದರೆ ಆಗ ಅದು ಆಟದ ಸೋಲಾಗಿ ದಾಖಲೆಯ ಒಂದು ಸಾಲಿನಲ್ಲಿ ಅಡಗಿರುತ್ತಿತ್ತು. ಇಂದಿಗೂ ಲೋಕ ಅದನ್ನು ನೆನೆಯುವುದು ಪ್ರೇಕ್ಷಕರ ಸೋಲೆಂದು.

ಇದಾದ ಮೂರು ವರ್ಷಗಳೊಳಗೆ ಅದೇ ದೇಶದಲ್ಲಿ ಇನ್ನೊಂದು ಬಗೆಯ ನಡತೆಯನ್ನು ಜಗತ್ತು ಕಂಡಿತು. 1999ರ ಜನವರಿ 31ರಂದು ಮದರಾಸಿನ ಚೆಪಾಕ್ ಮೈದಾನದಲ್ಲಿ ಪಾಕಿಸ್ತಾನದೆದುರಿನ ಟೆಸ್ಟ್ ಪಂದ್ಯದ ಕೊನೆಯ ದಿನ. ಭಾರತಕ್ಕೆ 271 ಓಟಗಳ ಗುರಿ. ಬೆನ್ನುನೋವನ್ನು ಲೆಕ್ಕಿಸದೆ ಸಚಿನ್ ತೆಂಡೂಲ್ಕರ್ 136 ಓಟಗಳನ್ನು ಗಳಿಸಿ, ಗುರಿ ಇನ್ನು ಹದಿನೇಳೇ ಓಟಗಳ ದೂರದಲ್ಲಿದ್ದಾಗ ಔಟಾದರು. ಆ ಮೇಲೆ ಉಳಿದ ವಿಕೆಟ್ಟುಗಳು ನಾಲ್ಕು ಓಟಗಳ ಅಂತರದಲ್ಲಿ ಉರುಳಿದವು. ಕೊನೆಯಲ್ಲಿ ಔಟಾದವರು ನಮ್ಮ ಜಾವಗಲ್ ಶ್ರೀನಾಥ್. ಹನ್ನೆರಡು ಓಟಗಳಿಂದ ಸೋಲು! ಮೈದಾನದಲ್ಲಿ ಕ್ಷಣಕಾಲ ಮೌನ ಕವಿಯಿತು. ಬಳಿಕ ತುಂಬಿದ ಗ್ಯಾಲರಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದವು. ಆ ಚಪ್ಪಾಳೆ ಗೆದ್ದ ಪಾಕಿಸ್ತಾನ ತಂಡಕ್ಕೆ ಸಂದ ಗೌರವ. ಅತಿಥಿ ಆಟಗಾರರು ಮೈದಾನಕ್ಕೆ ಒಂದು ಸುತ್ತು ಬಂದು ಆ ಗೌರವವನ್ನು ಸ್ವೀಕರಿಸಿದರು. ಅಂದು ಅಲ್ಲಿದ್ದವರಿಗೆ ನೋವು ಕಡಿಮೆಯಿತ್ತೆಂದಲ್ಲ. ತುಂಬ ನೊಂದವರೇ ಎದ್ದು ನಿಂತರು. ಆದುದರಿಂದಲೇ ಆ ಚಪ್ಪಾಳೆಗೆ ಬೆಲೆ.

ಎಸೆಯುವುದೂ ಇಲ್ಲ, ಬಯ್ಯುವುದೂ ಇಲ್ಲ. ಆದರೆ ಗೆದ್ದವರ ಮುಖ ನೋಡದೆ ಎದ್ದುಹೋಗುವ ಇನ್ನೊಂದು ರೀತಿಯುಂಟು. 2023ರ ನವೆಂಬರ್ 19ರಂದು ಅಹಮದಾಬಾದಿನಲ್ಲಿ ಭಾರತ ವಿಶ್ವಕಪ್ಪಿನ ಅಂತಿಮ ಪಂದ್ಯವನ್ನು ಆಸ್ಟ್ರೇಲಿಯಕ್ಕೆ ಸೋತಿತು. ಲಕ್ಷಕ್ಕೆ ಸಮೀಪದ ಜನಸಮೂಹ ಎದುರಾಳಿ ಟ್ರಾವಿಸ್ ಹೆಡ್ ಅವರ ಅದ್ಭುತ ಶತಕವನ್ನು ಬಹುಮಟ್ಟಿಗೆ ಮೌನವಾಗಿಯೇ ನೋಡಿತು. ಗೆದ್ದವರು ಕಪ್ಪನ್ನು ಎತ್ತುವ ಹೊತ್ತಿಗೆ ಆಸನಗಳು ಬಹುತೇಕ ಬರಿದಾಗಿದ್ದವು. ಇದು ಅಪರಾಧವಲ್ಲ. ಆದರೂ ಮನೆಗೆ ಬಂದ ಅತಿಥಿ ಊಟ ಮುಗಿಸುವ ಮೊದಲೇ ಮನೆಯವರು ಎದ್ದುಹೋದರೆ ಹೇಗೋ ಹಾಗೆಯೇ ಇದೂ. ತನ್ನವರು ಸೋತ ಮೇಲೂ ಬಹುಮಾನ ವಿತರಣೆಯವರೆಗೆ ನಿಂತಿದ್ದು ಎರಡೂ ತಂಡಗಳಿಗೆ ಕೈತಟ್ಟಿ ಹೋಗುವುದು ಪ್ರೇಕ್ಷಕನ ಮರ್ಯಾದೆ.

ಸೋತವನನ್ನು ಗೌರವಿಸುವ ಈ ಗುಣ ನಮ್ಮ ನಾಡಿಗೆ ಹೊರಗಿನಿಂದ ಬರಬೇಕಾದುದಲ್ಲ. ಕನ್ನಡದ ಕವಿ ರನ್ನ ತನ್ನ ‘ಗದಾಯುದ್ಧ’ದಲ್ಲಿ ಭೀಮನನ್ನು ನಾಯಕನನ್ನಾಗಿ ಮಾಡಿದರೂ, ಸೋಲಲಿರುವ ದುರ್ಯೋಧನನನ್ನು ಓದುಗರು ಮರುಗಿ ಮೆಚ್ಚುವಂತೆ ಚಿತ್ರಿಸಿದನು. ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮ, ಕಮಲಶಿಲೆಗಳ ಹೆಸರಿನ ಯಕ್ಷಗಾನ ಮೇಳಗಳು ಈ ಸೀಮೆಯ ಜನರ ಬಾಳಿನಲ್ಲಿ ಬೆರೆತುಹೋಗಿವೆ. ಕರ್ಣಪರ್ವವನ್ನೋ ಗದಾಪರ್ವವನ್ನೋ ಆಡುವ ರಾತ್ರಿ ಸೋಲುವವನು ಯಾರೆಂಬುದು ಅಲ್ಲಿ ಕುಳಿತ ಪುಟ್ಟ ಮಗುವಿಗೂ ಗೊತ್ತು. ಆದರೂ ನಿದ್ದೆಗೆಟ್ಟು ಕಾಯುತ್ತಾರೆ. ಕರ್ಣನ ರಥದ ಗಾಲಿ ಹೂತಾಗ ಕಣ್ಣೊರಸಿಕೊಳ್ಳುತ್ತಾರೆ. ಕೌರವನು ತೊಡೆ ಮುರಿದು ಬಿದ್ದ ಮೇಲೂ ಅವನ ಮಾತಿಗೆ ತಲೆದೂಗುತ್ತಾರೆ. ಆ ಪಾತ್ರಗಳನ್ನು ಪಳಗಿದ ಕಲಾವಿದರೇ ವಹಿಸಬೇಕೆಂದು ಬಯಸುತ್ತಾರೆ. ಸೋಲುವವನು ಸರಿಯಾಗಿ ಸೋತರೆ ಅವನ ಘನತೆ ಕುಂದುವುದಿಲ್ಲವೆಂಬುದನ್ನು ಬೆಳಗಿನವರೆಗೆ ಕುಳಿತು ಕಂಡ ಜನ ಇವರು. ಜೋಡಾಟದಲ್ಲಿ ಎರಡು ಮೇಳಗಳು ಅಕ್ಕಪಕ್ಕದ ರಂಗಸ್ಥಳಗಳಲ್ಲಿ ಪೈಪೋಟಿಗೆ ನಿಂತಾಗಲೂ ನಿಜವಾದ ರಸಿಕನು ಎರಡೂ ಕಡೆಯ ಕುಣಿತವನ್ನು ಕಂಡು ಸವಿಯುತ್ತಾನೆ. ಯಕ್ಷಗಾನದ ಬಯಲಿನಲ್ಲಿ ಇರುವ ಈ ರಸಿಕತೆ ಕಬಡ್ಡಿಯ ಬಯಲಿನಲ್ಲಿ ಇಲ್ಲವಾಗಲು ಕಾರಣವಿಲ್ಲ. ಊರಿನ ಹಿರಿಯರು ಪಂದ್ಯ ಮುಗಿಸಿ ಹೋಗುವಾಗ, ‘ಸೋತ್ರೆ ಎಂತ ಆಯ್ತ್, ಮಕ್ಳ್ ಲಾಯ್ಕ್ ಆಡ್ರ್’ ಎಂದರೆ ಅದು ಈ ರಸಿಕತೆಯ ಮಾತೇ.

ಕೊನೆಯವರೆಗೆ ಜೊತೆಗೆ ನಿಲ್ಲುವುದು ಏಕೆ ಬೇಕೆಂಬುದಕ್ಕೆ ಈ ನೆಲದ್ದೇ ಒಂದು ನಿದರ್ಶನವಿದೆ. ಕುಂದಾಪುರ ತಾಲೂಕಿನ ವಂಡ್ಸೆ ಸಮೀಪದವರಾದ ಗುರುರಾಜ್ ಪೂಜಾರಿ 2018ರ ಏಪ್ರಿಲ್ 5ರಂದು ಆಸ್ಟ್ರೇಲಿಯದ ಗೋಲ್ಡ್ ಕೋಸ್ಟ್ ನಗರದಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡಾಕೂಟದ ಭಾರ ಎತ್ತುವ ಸ್ಪರ್ಧೆಯಲ್ಲಿ 56 ಕಿಲೋ ವಿಭಾಗಕ್ಕೆ ಇಳಿದಿದ್ದರು. ಸ್ಪರ್ಧೆಯ ಎರಡನೆಯ ಭಾಗದಲ್ಲಿ ಪ್ರತಿಯೊಬ್ಬರಿಗೂ ಮೂರೇ ಅವಕಾಶ. ಗುರುರಾಜರ ಮೊದಲ ಎರಡು ಪ್ರಯತ್ನಗಳು ವಿಫಲವಾದವು. ಮೂರನೆಯದೂ ತಪ್ಪಿದ್ದರೆ ಪದಕದ ಮಾತೇ ಇರಲಿಲ್ಲ. ಕೊನೆಯ ಪ್ರಯತ್ನದಲ್ಲಿ ಅವರು 138 ಕಿಲೋ ಭಾರವನ್ನು ಎತ್ತಿ ನಿಲ್ಲಿಸಿದರು. ಒಟ್ಟು 249 ಕಿಲೋ ಎತ್ತಿ ಬೆಳ್ಳಿಯ ಪದಕವನ್ನು ಗಳಿಸಿದರು. ಆ ಕೂಟದಲ್ಲಿ ಭಾರತಕ್ಕೆ ಸಂದ ಮೊದಲ ಪದಕ ಅದು. 2022ರಲ್ಲಿ ಬರ್ಮಿಂಗ್‌ಹ್ಯಾಮಿನ ಕೂಟದಲ್ಲಿ ಅವರಿಗೆ ಕಂಚಿನ ಪದಕವೂ ದೊರೆಯಿತು. ಚಿನ್ನ ಬರಲಿಲ್ಲವೆಂದು ಊರವರು ಮುಖ ಸಿಂಡರಿಸಲಿಲ್ಲ. ಬೆಳ್ಳಿಯನ್ನೂ ಕಂಚನ್ನೂ ತಮ್ಮದೆಂದು ಹಿಗ್ಗಿದರು. ಎರಡು ಸಲ ತಪ್ಪಿದವನನ್ನು ನೋಡಿ ಬೆನ್ನು ತಿರುಗಿಸಿದವನಿಗೆ ಮೂರನೆಯ ಸಲದ ಸಂತೋಷ ದೊರಕುವುದಿಲ್ಲ.

ಬೆನ್ನು ತಿರುಗಿಸದೆ ನಿಂತವರ ಕಥೆ ಕರ್ನಾಟಕದಲ್ಲಿ ಇನ್ನೂ ಉಂಟು. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ರಣಜಿ ಟ್ರೋಫಿಯ ಅಂತಿಮ ಪಂದ್ಯ ನಡೆಯಿತು. ಮುಂಬಯಿ ಒಡ್ಡಿದ 338 ಓಟಗಳ ಗುರಿಯನ್ನು ಬೆನ್ನಟ್ಟಿದ ಕರ್ನಾಟಕ, ಮನೀಷ್ ಪಾಂಡೆಯವರ 144 ಓಟಗಳ ಬಲದಿಂದ 331ರವರೆಗೆ ಬಂದು ಆರೇ ಓಟಗಳಿಂದ ಸೋತಿತು. ಆ ಪಂದ್ಯ ಇಂದಿಗೂ ಕ್ರಿಕೆಟ್ ಪ್ರಿಯರ ಬಾಯಲ್ಲಿ ಹೆಮ್ಮೆಯ ಕಥೆಯಾಗಿ ಉಳಿದಿದೆ. ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡ 2009ರಲ್ಲಿ ಆರು ಓಟಗಳಿಂದ, 2011ರಲ್ಲಿ 58 ಓಟಗಳಿಂದ, 2016ರಲ್ಲಿ ಎಂಟು ಓಟಗಳಿಂದ ಐಪಿಎಲ್ ಅಂತಿಮ ಪಂದ್ಯಗಳನ್ನು ಸೋತಿತು. ‘ಈ ಸಲ ಕಪ್ ನಮ್ದೇ’ ಎಂಬ ಅಭಿಮಾನಿಗಳ ಘೋಷಣೆ ವರ್ಷ ವರ್ಷವೂ ಸುಳ್ಳಾಗುತ್ತಿತ್ತು. ಎದುರಾಳಿಗಳು ಅದನ್ನೇ ಹಾಸ್ಯ ಮಾಡಿದರು. ಅಭಿಮಾನಿಗಳೂ ತಮ್ಮನ್ನು ತಾವೇ ನಗೆಯಾಡಿಕೊಂಡು ಮರುವರ್ಷ ಅದೇ ಮಾತಿನೊಡನೆ ಬಂದು ಕುಳಿತರು. ತನ್ನ ಸೋಲಿಗೆ ತಾನೇ ನಗಬಲ್ಲವನ ಮನಸ್ಸಿನಲ್ಲಿ ದ್ವೇಷ ಬೇರೂರದು. ಆ ಘೋಷಣೆಯಲ್ಲಿ ‘ನಮ್ದೇ’ ಎಂಬ ಮಾತು ಹದಿನೇಳು ಸೋಲುಗಳ ನಡುವೆಯೂ ಅಳಿಯಲಿಲ್ಲವೆಂಬುದು ಗಮನಿಸತಕ್ಕ ಅಂಶ. 2025ರ ಜೂನ್ 3ರಂದು, ಹದಿನೆಂಟನೆಯ ಪ್ರಯತ್ನದಲ್ಲಿ, ಆ ತಂಡ ಪಂಜಾಬ್ ಕಿಂಗ್ಸ್ ತಂಡವನ್ನು ಆರು ಓಟಗಳಿಂದ ಸೋಲಿಸಿ ಕಪ್ಪನ್ನು ಗೆದ್ದಿತು.

ಆದರೆ ಮರುದಿನವೇ ಆ ಸಂತೋಷ ಶೋಕವಾಯಿತು. ಜೂನ್ 4ರಂದು ವಿಜಯೋತ್ಸವಕ್ಕಾಗಿ ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ ಲಕ್ಷಾಂತರ ಜನ ಸೇರಿದರು. ಬಾಗಿಲುಗಳ ಬಳಿ ಉಂಟಾದ ನೂಕುನುಗ್ಗಲಿನಲ್ಲಿ ಹನ್ನೊಂದು ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ಎಳೆಯ ವಯಸ್ಸಿನವರು. ಅಲ್ಲಿ ನೆರೆದವರು ಯಾರಿಗೂ ಕೇಡು ಬಯಸಿ ಬಂದವರಲ್ಲ. ಅಂಥ ಜನಸಂದಣಿಯನ್ನು ಸುರಕ್ಷಿತವಾಗಿ ನಡೆಸುವ ಹೊಣೆ ವ್ಯವಸ್ಥೆ ಮಾಡುವವರದು. ಆದರೂ ಪ್ರತಿಯೊಬ್ಬ ಪ್ರೇಕ್ಷಕನೂ ಕಲಿಯಬೇಕಾದುದೊಂದಿದೆ. ಯಾವ ಫಲಕವೂ ಒಂದು ಜೀವಕ್ಕೆ ಸಮನಲ್ಲ. ಗುಂಪು ಬೆಳೆದು ಉಸಿರು ಕಟ್ಟುವಂತಾದಾಗ ಹಿಂದೆ ಸರಿದು ನಿಲ್ಲುವುದು, ಮುಂದೆ ನೂಕದಿರುವುದು, ಬಿದ್ದವರನ್ನು ಎತ್ತುವುದು ಗೆದ್ದ ದಿನಕ್ಕೂ ಸೋತ ದಿನಕ್ಕೂ ಒಂದೇ ರೀತಿಯಲ್ಲಿ ಅನ್ವಯಿಸುವ ಕರ್ತವ್ಯ.

ಸೋಲಿನ ಕೋಪಕ್ಕೆ ಹಲವು ಸಲ ಹಣವೂ ಕಾರಣವಾಗಿರುತ್ತದೆಂಬುದನ್ನು ಇಲ್ಲಿ ಹೇಳದಿರಲಾಗದು. ಕೋಳಿ ಅಂಕದಲ್ಲಿ ಬಾಜಿ ಕಟ್ಟಿ ಮನೆಮಠ ಕಳೆದುಕೊಂಡವರ ಕಥೆ ಕರಾವಳಿಗೆ ಹೊಸದಲ್ಲ. ಇಂದು ಕ್ರಿಕೆಟ್ಟಿನ ಮೇಲೂ ಕಬಡ್ಡಿಯ ಮೇಲೂ ಬಾಜಿ ಕಟ್ಟುವವರಿದ್ದಾರೆ. ಹಣ ಕಟ್ಟಿದವನ ಕಣ್ಣು ಆಟದ ಮೇಲಿರುವುದಿಲ್ಲ, ಹಣದ ಮೇಲಿರುತ್ತದೆ. ಅವನ ತಂಡ ಸೋತಾಗ ಅವನಿಗಾಗುವುದು ನಷ್ಟ; ಅಭಿಮಾನಿಗಾಗುವುದು ನೋವು. ನೋವಿಗೆ ನಾಳೆಯ ಆಟ ಮದ್ದಾಗಬಲ್ಲದು. ನಷ್ಟಕ್ಕೆ ಇನ್ನೊಂದು ಬಾಜಿಯ ಆಸೆಯೇ ಹುಟ್ಟಿ ಮನುಷ್ಯನನ್ನು ಮತ್ತೂ ಕೆಳಕ್ಕೆ ಎಳೆಯುತ್ತದೆ.

ಹಾಗೆಂದು ಸೋತ ತಂಡವನ್ನು ಟೀಕಿಸಲೇಬಾರದೆಂದು ಅರ್ಥವಲ್ಲ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವುದೂ ಒಂದು ಬಗೆಯ ಮೋಸವೇ. ಸೋತದ್ದನ್ನು ಸೋತೆವೆಂದೇ ಒಪ್ಪಬೇಕು. ಅಭ್ಯಾಸ ಸಾಲದೆ ಹೋಯಿತೇ, ಹುರಿಯಾಳುಗಳ ಆಯ್ಕೆ ತಪ್ಪಿತೇ, ಎದುರಾಳಿಯ ತಂತ್ರವನ್ನು ಅರಿಯದೆ ಹೋದೆವೇ ಎಂದು ಚರ್ಚಿಸುವುದರಿಂದ ಮುಂದಿನ ಆಟ ಸುಧಾರಿಸುತ್ತದೆ. ಟೀಕೆ ಆಟವನ್ನು ಕುರಿತಿರುತ್ತದೆ. ನಿಂದೆ ಆಟಗಾರನ ಜಾತಿ, ಮತ, ಮನೆಮಾತು, ಮನೆಯವರನ್ನು ಹಿಡಿಯುತ್ತದೆ. ಟೀಕೆಗೆ ಮರುದಿನದವರೆಗೆ ಕಾಯುವ ತಾಳ್ಮೆಯಿರುತ್ತದೆ, ನಿಂದೆಗೆ ಅದಿರುವುದಿಲ್ಲ. ಆದುದರಿಂದ ಸೋತ ರಾತ್ರಿ ಮಾತನಾಡದೆ ಮಲಗಿ, ಬೆಳಗಾದ ಮೇಲೆ ಹೇಳಬೇಕಾದುದನ್ನು ಹೇಳುವುದು ಒಳ್ಳೆಯ ಅಭ್ಯಾಸ. ಬೆಳಗಿನ ಹೊತ್ತಿಗೆ ಹೇಳಬೇಕೆಂದಿದ್ದ ಮಾತುಗಳಲ್ಲಿ ಅರ್ಧ ತಾವೇ ಕರಗಿಹೋಗಿರುತ್ತವೆ.

ಸೋತ ಅಭಿಮಾನಿ ಏನು ಮಾಡಬೇಕೆಂಬುದಕ್ಕೆ ಜಪಾನೀಯರು ಒಂದು ದಾರಿಯನ್ನು ತೋರಿಸಿಕೊಟ್ಟಿದ್ದಾರೆ. 1998ರಲ್ಲಿ ಜಪಾನ್ ಮೊದಲ ಬಾರಿಗೆ ವಿಶ್ವಕಪ್ ಕಾಲ್ಚೆಂಡಿನಲ್ಲಿ ಆಡಿ ಮೂರೂ ಪಂದ್ಯಗಳನ್ನು ಸೋತಿತು. ಆಟ ಮುಗಿದ ಮೇಲೆ ಅದರ ಅಭಿಮಾನಿಗಳು ಚೀಲಗಳನ್ನು ಹಿಡಿದು ತಾವು ಕುಳಿತಿದ್ದ ಆಸನಗಳ ಸುತ್ತಲಿನ ಕಸವನ್ನೆಲ್ಲ ಹೆಕ್ಕಿದರು. ಅಂದಿನಿಂದ ಅದು ಅವರ ಪದ್ಧತಿಯಾಯಿತು. 2018ರಲ್ಲಿ ರಷ್ಯದಲ್ಲಿ ಬೆಲ್ಜಿಯಂ ವಿರುದ್ಧ ಎರಡು ಗೋಲುಗಳ ಮುನ್ನಡೆ ಸಾಧಿಸಿಯೂ 3–2ರಿಂದ ಸೋತ ರಾತ್ರಿ, ಕಣ್ಣೀರಿನ ನಡುವೆಯೂ ಅಭಿಮಾನಿಗಳು ಕಸ ಹೆಕ್ಕಿದರು. ಆಟಗಾರರು ತಮ್ಮ ಕೋಣೆಯನ್ನು ಗುಡಿಸಿ, ರಷ್ಯದ ಭಾಷೆಯಲ್ಲಿ ‘ಧನ್ಯವಾದ’ ಎಂದು ಬರೆದಿಟ್ಟು ಹೋದರು. ಅಂಕಪಟ್ಟಿಯಲ್ಲಿ ಸೋತ ಆ ದೇಶ ಜಗತ್ತಿನ ಮೆಚ್ಚುಗೆಯನ್ನು ಗೆದ್ದಿತು. ಬಿಡುವಿಲ್ಲದ ಕೈ ಕಲ್ಲನ್ನು ಹುಡುಕುವುದಿಲ್ಲ. ಗದ್ದೆಯಲ್ಲಿ ಪಂದ್ಯಾಟ ಮುಗಿದ ಮೇಲೆ ಬಿದ್ದಿರುವ ನೀರಿನ ಬಾಟಲಿ, ತಿಂಡಿಯ ಪೊಟ್ಟಣಗಳನ್ನು ಎರಡೂ ಊರಿನ ಹುಡುಗರು ಸೇರಿ ಹೆಕ್ಕಿದರೆ, ಮುಂದಿನ ಬೇಸಾಯಕ್ಕೆ ನೆಲವೂ ಚೊಕ್ಕಟವಾಗುತ್ತದೆ, ಮನಸ್ಸೂ ಚೊಕ್ಕಟವಾಗುತ್ತದೆ.

ಎದುರಾಳಿ ತಂಡವೆಂದರೆ ಯಾರು ಎಂಬುದನ್ನು ವಿದ್ಯಾರ್ಥಿಗಳು ಒಮ್ಮೆ ಯೋಚಿಸಬೇಕು. ರಾತ್ರಿ ಗೆರೆಯ ಆಚೆ ನಿಂತು ಕೂಗಿದವನು ಬೆಳಗ್ಗೆ ಅದೇ ಬಸ್ಸಿನಲ್ಲಿ ಬರುತ್ತಾನೆ. ಅದೇ ತರಗತಿಯ ಬೆಂಚಿನ ಮೇಲೆ ಕುಳಿತುಕೊಳ್ಳುತ್ತಾನೆ. ಅವನ ತಂದೆ ಇವನ ತಂದೆಯೊಡನೆ ಒಂದೇ ದೋಣಿಯಲ್ಲಿ ಕಡಲಿಗೆ ಇಳಿಯುತ್ತಿರಬಹುದು. ಅವನ ಅಕ್ಕನನ್ನು ಇವನ ಊರಿಗೆ ಮದುವೆ ಮಾಡಿಕೊಟ್ಟಿರಬಹುದು. ಒಂದು ಸಂಜೆಯ ಆಟಕ್ಕಾಗಿ ಆಡಿದ ಒಂದು ಕೆಟ್ಟ ಮಾತು ಎರಡು ಊರುಗಳ ನಡುವೆ ವರ್ಷಗಟ್ಟಲೆ ಮಾತು ಬಿಡಿಸಬಲ್ಲದು. ಎದುರಾಳಿಯಿಲ್ಲದೆ ಆಟವೇ ಇಲ್ಲ; ಆಟವನ್ನು ಸಾಧ್ಯಗೊಳಿಸಿದವನು ಅವನೇ. ಆದುದರಿಂದ ಸೋತೊಡನೆ ಮಾಡಬೇಕಾದ ಮೊದಲ ಕೆಲಸ ಗೆದ್ದವನ ಕೈ ಕುಲುಕುವುದು. ಎರಡನೆಯದು, ತಲೆ ತಗ್ಗಿಸಿ ಅಂಗಣದಿಂದ ಹೊರಬರುತ್ತಿರುವ ತನ್ನ ತಂಡದ ಹುಡುಗರ ಬಳಿಗೆ ಹೋಗಿ ಒಂದು ಲೋಟ ನೀರು ಕೊಡುವುದು. ಗೆದ್ದ ದಿನ ಅವರ ಹೆಗಲ ಮೇಲೆ ಕೈಯಿಡುವವರಿಗೆ ಕೊರತೆಯಿಲ್ಲ. ಸೋತ ದಿನವೂ ‘ನಾವು ಸೋತೆವು, ಮುಂದಿನ ಸಲ ನೋಡೋಣ’ ಎಂದು ಅವರೊಡನೆ ಮನೆಯವರೆಗೆ ನಡೆದು ಬರುವವನೇ ನಿಜವಾದ ಅಭಿಮಾನಿ. ಅಂಥ ಅಭಿಮಾನಿಗಳಿರುವ ಊರಿನಲ್ಲಿ ಆಟಗಾರರು ಸೋಲಿಗೆ ಹೆದರದೆ ಆಡುತ್ತಾರೆ. ಹೆದರದೆ ಆಡುವವರಿಗೆ ಗೆಲುವೂ ಒಂದು ದಿನ ಒಲಿಯುತ್ತದೆ.